ಮಕ್ಕಳ ಆಟಕ್ಕೆ ಮನೆಮಂದಿಯೆಲ್ಲ ಹೊರಟಾಗ

ಪ್ರಶ್ನೆ: ನಾವಿರುವುದು ಕಾರವಾರದಲ್ಲಿ. ನನ್ನ ತವರು ಶಿರಸಿ ಕಡೆ. ಅಣ್ಣನ ಮಗಳಿಗೆ 12 ವರ್ಷ. ಅಲ್ಲಿನ ಮಕ್ಕಳ ಯಕ್ಷಗಾನ ತಂಡದಲ್ಲಿ ಎರಡು ವರ್ಷದಿಂದ ಕಲಿಯುತ್ತಿದ್ದಾಳೆ. ಯುಗಾದಿ ಕಳೆದ ಮೇಲೆ ತಂಡದ ವಾರ್ಷಿಕ ಪ್ರದರ್ಶನ ಇದೆ. ಮೊದಲು ಚಿಕ್ಕ ಮಕ್ಕಳ ‘ಪಂಚವಟಿ’, ಆಮೇಲೆ ದೊಡ್ಡ ಮಕ್ಕಳ ‘ಅಭಿಮನ್ಯು ಕಾಳಗ’. ಅವಳದ್ದೇ ಅಭಿಮನ್ಯು. ನಾವು ಐದು ಜನ ಹೋಗುತ್ತೇವೆ. ನಾನು, ಯಜಮಾನರು, 9 ವರ್ಷದ ಮಗಳು, 4 ವರ್ಷದ ಮಗ ಮತ್ತು ಅತ್ತೆ. ಯಜಮಾನರು ಬೆಂಗಳೂರಿನಲ್ಲಿ ಬೆಳೆದವರು. ಒಮ್ಮೆ ಮಕ್ಕಳ ಬ್ಯಾಲೆ ನೋಡಿದ್ದಾರೆ, ಯಕ್ಷಗಾನ ನೋಡಿಲ್ಲ. ಮಗನಿಗೆ ಚಂಡೆ ಸದ್ದು, ರಾಕ್ಷಸ ವೇಷ ಎರಡೂ ಹೆದರಿಕೆ. ಅತ್ತೆಗೆ ಕಿವಿ ಸ್ವಲ್ಪ ಮಂದ. ಎಲ್ಲರಿಗೂ ಖುಷಿಯಾಗುವ ಹಾಗೆ ನೋಡುವುದು ಹೇಗೆ? ವೇಷ ಕಟ್ಟುವ ಚೌಕಿಗೆ ಹೋಗಬಹುದಾ? ವಿಡಿಯೊ ಮಾಡಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಒಂದು ಕೂಸಿನ ವೇಷ ನೋಡಲಿಕ್ಕೆ ಐದು ಜನ ಘಟ್ಟ ಹತ್ತಿ ಬರುತ್ತಿದ್ದೀರಿ. ನಾನು ಮಕ್ಕಳಿಗೆ ಹೆಜ್ಜೆ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಪ್ರದರ್ಶನದ ದಿನ ಮಕ್ಕಳಿಗೆ ಮನೆಯವರಿಂದ ಏನು ಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲ ಚಂಡೆ ಪೆಟ್ಟು ಬೀಳುವಾಗ ಬಂದು ಕೂತಿರಿ, ಮಂಗಳ ಹಾಡುವವರೆಗೆ ಪೂರಾ ಆಟ ನೋಡಿ. ತಮ್ಮ ಮಗು ರಂಗಕ್ಕೆ ಬರುವ ಹೊತ್ತಿಗೆ ಬಂದು, ಅದು ಒಳಗೆ ಹೋದ ಕೂಡಲೇ ಎದ್ದು ಹೋಗುವ ಮನೆಯವರನ್ನು ಬಹಳ ನೋಡಿದ್ದೇನೆ. ರಂಗಸ್ಥಳದ ಮೇಲಿಂದ ಖಾಲಿ ಕುರ್ಚಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಬರುವ ಮಕ್ಕಳು ಅದನ್ನೇ ನೋಡುತ್ತ ಕುಣಿಯಬೇಕಾಗುತ್ತದೆ.

ಪೂರಾ ಕೂರಬೇಕು ಅಂದರೆ ಕಥೆ ಗೊತ್ತಿರಬೇಕು. ಹಾಗಾಗಿ ತಯಾರಿ ಮನೆಯಲ್ಲೇ ಶುರುವಾಗಲಿ. ಒಂದು ವಾರ ಮೊದಲಿಂದ ರಾತ್ರಿ ಮಲಗುವಾಗ ಸ್ವಲ್ಪ ಸ್ವಲ್ಪ ಹೇಳಿ. ಹದಿಮೂರನೆಯ ದಿನದ ಯುದ್ಧ. ದ್ರೋಣ ಚಕ್ರವ್ಯೂಹ ಕಟ್ಟಿದ್ದಾನೆ. ಅದನ್ನು ಒಡೆಯಲು ಗೊತ್ತಿದ್ದ ಅರ್ಜುನನನ್ನು, ಶಪಥ ತೊಟ್ಟು ಬಂದ ಸಂಶಪ್ತಕರು ಅನ್ನುವ ವೀರರು ದೂರ ಎಳೆದುಕೊಂಡು ಹೋಗಿದ್ದಾರೆ. ಉಳಿದವನು ಹದಿನಾರರ ಹುಡುಗ. ಅವನಿಗೆ ಒಳಗೆ ನುಗ್ಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ಹಿಂದೆಯೇ ಬರುತ್ತೇವೆ ಅಂದ ದೊಡ್ಡಪ್ಪಂದಿರನ್ನು ಸೈಂಧವ ಬಾಗಿಲಲ್ಲೇ ತಡೆಯುತ್ತಾನೆ. ಇಷ್ಟು ಗೊತ್ತಿದ್ದರೆ ಒಂಬತ್ತು ವರ್ಷದ ನಿಮ್ಮ ಮಗಳು ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಅಭಿಮನ್ಯು ಸಾಯುತ್ತಾನೆ ಅನ್ನುವುದನ್ನು ಅವಳಿಂದ ಮುಚ್ಚಿಡಬೇಡಿ. ಮೊದಲೇ ಗೊತ್ತಿದ್ದರೆ, ಸುಭದ್ರೆ ಮಗನನ್ನು ಕಳಿಸಲು ಒಪ್ಪದೆ ಅಳುವ ಜಾಗದಲ್ಲಿ ಅವಳಿಗೇ ಎಲ್ಲ ಅರ್ಥವಾಗುತ್ತದೆ. ಈ ಪ್ರಸಂಗದ ಜೀವ ಇರುವುದು ಆ ಜಾಗದಲ್ಲಿ. ಯುದ್ಧ ಆಮೇಲಿನದು.

ಚಿಕ್ಕ ಮಾಣಿಗೆ, ಅಂದರೆ ನಿಮ್ಮ ಮಗನಿಗೆ, ಬೇರೆ ಥರ ಹೇಳಿ. “ಅಕ್ಕ ಕೊನೆಗೆ ಬಿದ್ದ ಹಾಗೆ ಮಾಡ್ತಾಳೆ, ಆಮೇಲೆ ಎದ್ದು ಬಂದು ನಮ್ಮ ಜೊತೆಗೇ ಊಟ ಮಾಡ್ತಾಳೆ” ಅಂತ. ಆ ಊಟದ ಮಾತು ಅವನಿಗೆ ನೆನಪಿರುತ್ತದೆ.

ಯಜಮಾನರು ಬ್ಯಾಲೆ ನೋಡಿದ್ದಾರೆ ಅಂದಿರಿ. ಅದು ಒಳ್ಳೆಯದೇ ಆಯಿತು, ಹೋಲಿಸಿ ನೋಡಲು ಒಂದು ದಾರಿ ಸಿಕ್ಕಿತು. ಬ್ಯಾಲೆಯಲ್ಲಿ ಮಾತಿಲ್ಲ. ಮೈ ಮೇಲಕ್ಕೆ ಏಳುತ್ತದೆ, ಕಾಲಿನ ಬೆರಳ ತುದಿಯ ಮೇಲೆ ನಿಲ್ಲುತ್ತದೆ, ನೆಲ ತಾಗಿದ ಸದ್ದು ಕೇಳಬಾರದು. ನಮ್ಮಲ್ಲಿ ಮೊಣಕಾಲು ಬಾಗಿರುತ್ತದೆ, ಭಾರವೆಲ್ಲ ನೆಲಕ್ಕೆ. ಅಂಗಾಲು ಬಡಿದ ಸದ್ದು, ಗೆಜ್ಜೆ, ಚಂಡೆ ಮೂರೂ ಒಂದೇ ಕ್ಷಣಕ್ಕೆ ಬೀಳಬೇಕು. ಮತ್ತೆ ನಮ್ಮಲ್ಲಿ ಮಾತು ಜಾಸ್ತಿ. ಭಾಗವತರು ಒಂದು ಪದ್ಯ ಹಾಡುತ್ತಾರೆ, ವೇಷ ಅದಕ್ಕೆ ಕುಣಿಯುತ್ತದೆ. ಕುಣಿತ ನಿಂತ ಮೇಲೆ ಅದೇ ಪದ್ಯವನ್ನು ಹಿಡಿದು ವೇಷಧಾರಿ ಅರ್ಥ ಹೇಳುತ್ತಾನೆ. ಮತ್ತೆ ಪದ್ಯ, ಮತ್ತೆ ಕುಣಿತ, ಮತ್ತೆ ಮಾತು. ಈ ಸುತ್ತು ಗೊತ್ತಾದರೆ ಹೊಸಬರಿಗೆ ಅರ್ಧ ಆಟ ಅರ್ಥವಾದ ಹಾಗೆ. ದೊಡ್ಡ ಮೇಳದ ಕಲಾವಿದರು ಮಾತನ್ನು ರಂಗದ ಮೇಲೇ ಹುಟ್ಟಿಸುತ್ತಾರೆ. ಮಕ್ಕಳಿಗೆ ನಾವು ಬರೆದುಕೊಡುತ್ತೇವೆ, ಅವರು ಬಾಯಿಪಾಠ ಮಾಡುತ್ತಾರೆ. ಆದರೂ ಎದುರಿನ ವೇಷ ಒಂದು ಸಾಲು ಮರೆತಾಗ ಹತ್ತು ವರ್ಷದ ಮಗು ತಾನೇ ಒಂದು ಮಾತು ಹುಟ್ಟಿಸಿ ಸೇತುವೆ ಕಟ್ಟುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ದಿನ ನನಗೆ ಸಂಬಳ ಸಿಕ್ಕಿದ ಹಾಗೆ.

ಬ್ಯಾಲೆ ಅನ್ನುವ ಮಾತು ಯಕ್ಷಗಾನಕ್ಕೆ ಹೊಸದಲ್ಲ. ಕೋಟದ ಶಿವರಾಮ ಕಾರಂತರು ತಮ್ಮ ಪ್ರಯೋಗಗಳನ್ನು ಯಕ್ಷಗಾನ ಬ್ಯಾಲೆ ಅಂತಲೇ ಕರೆದರು. ಮಾತನ್ನು ತೆಗೆದು, ಕುಣಿತ ಮತ್ತು ಹಾಡನ್ನೇ ಮುಂದೆ ಮಾಡಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. ಇದನ್ನು ಯಜಮಾನರಿಗೆ ಹೇಳಿ. ನಿಮ್ಮ ಶಿರಸಿಯ ಆಟದಲ್ಲಿ ಮಾತೂ ಇರುತ್ತದೆ, ಅದಕ್ಕೆ ಕಿವಿ ಕೊಡಲಿ. ಕನ್ನಡ ಬರುವವರಿಗೆ ಇದು ದೊಡ್ಡ ಲಾಭ. ಮಕ್ಕಳ ಬಾಯಲ್ಲಿ ಅಷ್ಟು ಅಚ್ಚ ಕನ್ನಡ, ಒಂದೂ ಇಂಗ್ಲಿಷ್ ಶಬ್ದ ಬೆರೆಯದೆ, ಬೇರೆ ಎಲ್ಲಿ ಕೇಳಲು ಸಿಗುತ್ತದೆ ಹೇಳಿ!

ಏನನ್ನು ನೋಡಬೇಕು ಅಂತಲೂ ಹೇಳಿಬಿಡುತ್ತೇನೆ. ಮುಖ ನೋಡುವುದು ಎಲ್ಲರಿಗೂ ಬರುತ್ತದೆ. ನೀವು ಕಾಲು ನೋಡಿ. ಅಭಿಮನ್ಯುವಿನ ಮೊದಲ ಪ್ರವೇಶದಲ್ಲಿ ಪದ್ಯ ಶುರುವಾಗುವ ಮೊದಲೇ ಅವಳ ಹೆಜ್ಜೆ ತಾಳದ ಮೇಲೆ ಕೂತಿದೆಯಾ ನೋಡಿ. ಏಕತಾಳದ ಹೆಜ್ಜೆಗೂ ತಿತ್ತಿತ್ತೈ ತಾಳದ ಹೆಜ್ಜೆಗೂ ಇರುವ ಬದಲಾವಣೆ ಗಮನಿಸಿ. ಹೆಸರು ಗೊತ್ತಿಲ್ಲದಿದ್ದರೂ ಬದಲಾದದ್ದು ಕಾಲಿನಲ್ಲಿ ಕಾಣುತ್ತದೆ. ಯುದ್ಧದ ಜಾಗದಲ್ಲಿ ಅವಳು ಮಂಡಿ ಹಾಕಬಹುದು. ಮೊಣಕಾಲ ಮೇಲೆ ಗಿರಗಿರನೆ ತಿರುಗುವುದು ಅದು. ಜನ ಚಪ್ಪಾಳೆ ಹೊಡೆಯುವುದು ಅಲ್ಲಿಯೇ. ಅವಳು ಎರಡೇ ಸುತ್ತು ಹಾಕಿ ಎದ್ದರೆ ಕಡಿಮೆಯಾಯಿತು ಅಂತ ಬೇಸರ ಬೇಡ. ಬೆಳೆಯುವ ಎಲುಬು ಅದು. ಬ್ಯಾಲೆ ಕಲಿಸುವವರು ಬೆರಳ ತುದಿಯ ಶೂಗಳನ್ನು ತೀರಾ ಸಣ್ಣ ಮಕ್ಕಳಿಗೆ ಯಾಕೆ ಕೊಡುವುದಿಲ್ಲವೋ, ಅದೇ ಕಾರಣಕ್ಕೆ ನಾನು ಮಂಡಿಯನ್ನು ಮಕ್ಕಳಿಗೆ ಅಳತೆ ಮಾಡಿ ಕೊಡುತ್ತೇನೆ. ಒಂದು ಚಪ್ಪಾಳೆಗೋಸ್ಕರ ಮೊಣಕಾಲು ಹಾಳು ಮಾಡಿಕೊಳ್ಳಬಾರದು.

ಈಗ ಚೌಕಿ ವಿಷಯ. ಚೌಕಿ ಅಂದರೆ ವೇಷ ಕಟ್ಟುವ ಜಾಗ. ಅಲ್ಲಿ ಮೊದಲು ಗಣಪತಿ ಪೂಜೆ ಆಗುತ್ತದೆ, ಆಮೇಲೆಯೇ ಆಟ. ಕಲಿಸುವವರನ್ನು ಕೇಳಿ, ಬಿಟ್ಟರೆ ಹೋಗಿ, ಆದರೆ ಬಣ್ಣ ಹಚ್ಚಲು ಶುರುಮಾಡುವ ಹೊತ್ತಿಗೇ ಹೋಗಿ, ಹತ್ತು ನಿಮಿಷದಲ್ಲಿ ಹೊರಗೆ ಬನ್ನಿ. ಹೊರಗೆ ಚಪ್ಪಲಿ ಬಿಟ್ಟು ಹೋಗಿ.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಯಾಕೆ ಹೀಗೆ ಹೇಳಿದೆ ಅಂತ ಅರ್ಥವಾಗುತ್ತದೆ. ಸುಮಾರು ಎರಡು ಗಂಟೆ ಮೊದಲೇ ಮಗು ಕನ್ನಡಿ ಎದುರು ಕೂರುತ್ತದೆ. ಮುಖಕ್ಕೆ ಬಣ್ಣ, ಕಣ್ಣಿಗೆ ಕಾಡಿಗೆ, ಹಣೆಗೆ ನಾಮ. ಆಮೇಲೆ ಕಾಲಿಗೆ ಗೆಜ್ಜೆ, ಚಲ್ಲಣ ಅನ್ನುವ ಚಡ್ಡಿ, ಅದರ ಮೇಲೆ ಕಚ್ಚೆ ಹಾಕಿ ಉಡಿಸುವ ಕಸೆ ಸೀರೆ, ಮೈಗೆ ದಗಲೆ ಅನ್ನುವ ಅಂಗಿ. ನಡುವಿಗೆ ಡಾಬು, ಎದೆಗೆ ಎದೆಕಟ್ಟು, ತೋಳಿಗೆ ಭುಜಕೀರ್ತಿ, ಕೈಕಟ್ಟು. ಎಲ್ಲದಕ್ಕೂ ದಾರ, ಎಲ್ಲದಕ್ಕೂ ಗಂಟು. ಕೊನೆಗೆ ತಲೆಗೆ ಬಟ್ಟೆ ಬಿಗಿದು ಕೇದಗೆ ಮುಂದಲೆ ಕಟ್ಟುತ್ತಾರೆ. ಕೇದಗೆ ಹೂವಿನ ಎಸಳಿನ ಹಾಗೆ ಇರುತ್ತದಲ್ಲ, ಅದು. ಅಭಿಮನ್ಯು, ಬಬ್ರುವಾಹನನಂಥ ಎಳೆಯ ವೀರರಿಗೆ ಕಟ್ಟುವುದು. ಸಡಿಲ ಕಟ್ಟಿದರೆ ಗಿರಕಿ ಹೊಡೆಯುವಾಗ ಜಾರುತ್ತದೆ. ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ನಾನು ಕಲಿಸಲು ಶುರುಮಾಡಿದ ಹೊಸತರಲ್ಲಿ, ಜಾರಬಾರದು ಅಂತ ಒಬ್ಬ ಮಾಣಿಗೆ ಬಹಳ ಬಿಗಿದು ಕಟ್ಟಿಬಿಟ್ಟೆ. ಅವನು ಹೆದರಿ ಏನೂ ಹೇಳಲಿಲ್ಲ. ರಂಗಕ್ಕೆ ಹೋಗುವ ಮೊದಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಬಿಚ್ಚಿ, ನೀರು ಕೊಟ್ಟು, ಮತ್ತೆ ಕಟ್ಟಿದೆವು. ಅವನು ಕುಣಿದ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲಿಂದ ಪ್ರತಿ ಮಗುವಿಗೂ ಕಟ್ಟಿ ಆದ ಮೇಲೆ ಎರಡು ಸಲ ಕೇಳುತ್ತೇನೆ, “ಬಿಗಿ ಆಯ್ತಾ? ನಿಜ ಹೇಳು.” ಎರಡನೆಯ ಸಲ ಕೇಳಿದಾಗಲೇ ಅವು ನಿಜ ಹೇಳುವುದು.

ಮುಂದಲೆ ಕಟ್ಟಿದ ಮೇಲೆ ಮಗುವಿನ ಹತ್ತಿರ ಹೋಗಬೇಡಿ, ಮಾತಾಡಿಸಬೇಡಿ. ಅದು ಆಗ ಒಳಗೊಳಗೇ ಮಾತು ನೆನೆಯುತ್ತಿರುತ್ತದೆ. ತಿನ್ನಲು ಏನನ್ನೂ ಒಯ್ಯಬೇಡಿ. ಕಸೆ ಕಟ್ಟಿದ ಮೇಲೆ ಬಚ್ಚಲಿಗೆ ಹೋಗುವುದು ಬಹಳ ಕಷ್ಟ, ಅದಕ್ಕೇ ಮಕ್ಕಳು ಒಂದೊಂದೇ ಗುಟುಕು ನೀರು ಕುಡಿದು ಕೂತಿರುತ್ತಾರೆ. ಮಧ್ಯಾಹ್ನ ಹಗುರಾಗಿ ಅನ್ನ ತಂಬುಳಿ ಉಂಡು ಬಂದರೆ ಸಾಕು ಅಂತ ನಿಮ್ಮ ಅತ್ತಿಗೆಗೂ ಹೇಳಿ.

ನಿಮ್ಮ ಮಗನ ಹೆದರಿಕೆಗೆ ಚೌಕಿಯೇ ಔಷಧ. ಪಂಚವಟಿಯಲ್ಲಿ ಶೂರ್ಪನಖಿ ಬರುತ್ತಾಳೆ. ಆ ವೇಷ ಮಾಡುವ ಮಗು ಅರ್ಧ ಬಣ್ಣ ಹಚ್ಚಿಕೊಂಡು ಕೂತಿರುವಾಗ ನಿಮ್ಮ ಮಾಣಿಗೆ ದೂರದಿಂದ ತೋರಿಸಿ. ಒಂದು ಕೆನ್ನೆ ರಾಕ್ಷಸಿಯದ್ದು, ಇನ್ನೊಂದು ಕೆನ್ನೆ ಪಕ್ಕದ ಮನೆಯ ಹುಡುಗಿಯದ್ದು. ಅಷ್ಟು ನೋಡಿದ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದರ್ಧ ಸದ್ದಿನದ್ದು. ರಾಕ್ಷಸ ವೇಷ ಕಾಣಿಸುವ ಮೊದಲು ತೆರೆಯ ಹಿಂದಿನಿಂದ ಆರ್ಭಟೆ ಕೇಳುತ್ತದೆ. ಕಾಣದೆ ಬರುವ ಕೂಗಿಗೇ ಮಕ್ಕಳು ಜಾಸ್ತಿ ಹೆದರುವುದು. ಚಂಡೆ ಜೋರಾಗಿ ತೆರೆ ಅಲ್ಲಾಡಲು ಶುರುವಾದಾಗ ಅವನನ್ನು ತೊಡೆ ಮೇಲೆ ಕೂರಿಸಿ, ಕಿವಿ ಮೇಲೆ ಕೈ ಇಟ್ಟು, “ಈಗ ಕೂಗ್ತಾಳೆ ನೋಡು” ಅಂತ ಮೊದಲೇ ಹೇಳಿ. ಆದರೂ ಅತ್ತರೆ ಸುಮ್ನೆ ಹೊರಗೆ ಕರಕೊಂಡು ಹೋಗಿ, ಬೈಯಬೇಡಿ. ಐದು ನಿಮಿಷ ಬಿಟ್ಟು ಅವನೇ ಬಾಗಿಲ ಸಂದಿಯಿಂದ ಇಣುಕುತ್ತಾನೆ. ಇದಕ್ಕಾಗಿ ನೀವು ದಾರಿ ಪಕ್ಕದ ಕುರ್ಚಿ ಹಿಡಿಯಬೇಕು.

ಎದುರಿನ ಸಾಲಿಗೆ ಮುಗಿಬೀಳಬೇಡಿ. ಸಭಾಭವನದ ವೇದಿಕೆ ಎತ್ತರ ಇದ್ದರೆ ಮೊದಲ ಸಾಲಿನವರಿಗೆ ಮೊಣಕಾಲಿನ ಕೆಳಗೆ ಏನೂ ಕಾಣುವುದಿಲ್ಲ. ಮೂರು ಅಥವಾ ನಾಲ್ಕನೆಯ ಸಾಲು ಒಳ್ಳೆಯದು. ಸ್ಪೀಕರ್ ಎದುರು ಮಾತ್ರ ಕೂರಬೇಡಿ.

ಅತ್ತೆಯವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕಿವಿ ಮಂದ ಇರುವ ಹಿರಿಯರನ್ನು ಹಿಂದೆ ಗೋಡೆ ಬದಿಗೆ ಕೂರಿಸಿ ಮನೆಯವರು ಮುಂದೆ ಹೋಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಅವರನ್ನು ನಡುವೆ ಕೂರಿಸಿ, ತುಟಿ ಚಲನೆ ಕಾಣುವಷ್ಟು ಹತ್ತಿರ. ಕಿವಿಗೆ ಯಂತ್ರ ಹಾಕುತ್ತಾರಾದರೆ ಚಂಡೆ ಶುರುವಾಗುವಾಗ ಅದರ ಸದ್ದು ಕಡಿಮೆ ಮಾಡಿಕೊಡಿ, ಇಲ್ಲದಿದ್ದರೆ ಕಿವಿ ನೋಯುತ್ತದೆ. ಮಾತಿನ ಭಾಗಕ್ಕೆ ಮತ್ತೆ ಹೆಚ್ಚು ಮಾಡಿ. ಇದು ಮಗಳ ಕೆಲಸವಾಗಲಿ. ಒಂಬತ್ತು ವರ್ಷದವಳು ಅಜ್ಜಿ ಪಕ್ಕ ಕೂತು “ಈಗ ಸುಭದ್ರೆ ಬಂದಳು” ಅಂತ ಕಿವಿಯಲ್ಲಿ ಹೇಳುತ್ತಾ ಇದ್ದರೆ ಇಬ್ಬರಿಗೂ ಬೇಸರವೇ ಬರುವುದಿಲ್ಲ. ಕಥೆ ಅತ್ತೆಯವರಿಗೆ ಮೊದಲೇ ಗೊತ್ತಿರುತ್ತದೆ. ಬಹುಶಃ ನಿಮಗಿಂತ ಜಾಸ್ತಿ.

ವಿಡಿಯೊ ಮಾಡಬಹುದಾ ಅಂತ ಕೇಳಿದಿರಿ. ತಂಡದವರು ಬಿಟ್ಟರೆ ಮಾಡಿ, ಮನೆಯಿಂದ ಒಬ್ಬರೇ, ಕೂತಲ್ಲಿಂದಲೇ. ಫ್ಲ್ಯಾಶ್ ಬೇಡವೇ ಬೇಡ. ಕಿರೀಟದಲ್ಲಿ, ಭುಜಕೀರ್ತಿಯಲ್ಲಿ ಕನ್ನಡಿ ಚೂರುಗಳಿರುತ್ತವೆ. ಬೆಳಕು ಅವಕ್ಕೆ ಬಡಿದು ಎದುರಿನ ಮಗುವಿನ ಕಣ್ಣಿಗೇ ಹೊಡೆಯುತ್ತದೆ. ಮತ್ತೆ ಬೇರೆಯವರ ಮಕ್ಕಳೂ ಅದರಲ್ಲಿ ಇರುತ್ತಾರೆ, ಅವರ ಮನೆಯವರನ್ನು ಕೇಳದೆ ಎಲ್ಲ ಕಡೆ ಹಂಚಬೇಡಿ. ಸುಭದ್ರೆಯ ಜಾಗ ಬಂದಾಗ ಮೊಬೈಲ್ ಕೆಳಗಿಟ್ಟು ಕಣ್ಣಲ್ಲೇ ನೋಡಿ ಅಂತ ನನ್ನ ಆಸೆ.

ಹೆಸರು ಹಿಡಿದು ಕರೆಯಬೇಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ನಮ್ಮದೇ ಮಕ್ಕಳ ಆಟದಲ್ಲಿ ಅಭಿಮನ್ಯು ತಾಯಿಗೆ ಕೈಮುಗಿದು ನಿಂತಿದ್ದ. ಸಭೆಯಿಂದ ಯಾರೋ ಪ್ರೀತಿಯಿಂದಲೇ “ಪುಟ್ಟಾ!” ಅಂತ ಕೂಗಿದರು. ಹುಡುಗ ಆ ಕಡೆ ತಿರುಗಿದ, ಒಂದು ನಗು ಬಂತು, ಮಾತು ಪೂರ್ತಿ ಮರೆತುಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಆಗ ಭಾಗವತರು ಮಾಡಿದ್ದು ನೋಡಿ. ಅದೇ ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡರು, ನಿಧಾನಕ್ಕೆ, ಒಂದಲ್ಲ ಮೂರು ಸಲ. ಮದ್ದಳೆಯವರು ಮೆಲ್ಲಗೆ ನುಡಿಸಿದರು. ಹುಡುಗ ಸಣ್ಣದಾಗಿ ಹೆಜ್ಜೆ ಹಾಕುತ್ತಾ ಒಂದು ಸುತ್ತು ಬಂದ. ಸುತ್ತು ಮುಗಿಯುವಾಗ ಮಾತು ವಾಪಸು ಬಂದಿತ್ತು. ಸಭೆಯಲ್ಲಿ ಹೆಚ್ಚಿನವರಿಗೆ ಏನಾಯಿತು ಅಂತಲೇ ತಿಳಿಯಲಿಲ್ಲ. ಭಾಗವತರನ್ನು ಮೊದಲನೆಯ ವೇಷ ಅಂತ ಕರೆಯುವುದು ಇದಕ್ಕೇ. ಹಿಂದೆ ಕೂತು ಹಾಡುವವರು ಅಷ್ಟೇ ಅಂದುಕೊಳ್ಳಬೇಡಿ. ಆಟದ ಲಗಾಮು ಅವರ ಕೈಯಲ್ಲಿ ಇರುತ್ತದೆ. ನಿಮ್ಮ ಯಜಮಾನರಿಗೆ ಅವರ ಕಡೆಗೂ ಒಂದು ಕಣ್ಣಿಡಲು ಹೇಳಿ.

ನೋಟಿನ ಹಾರ, ಕೈಗೆ ದುಡ್ಡು ಕೊಡುವುದು, ನಡುವೆ ವೇದಿಕೆ ಹತ್ತುವುದು ಇವೆಲ್ಲ ಬೇಡ. ಕೊಡಲೇಬೇಕು ಅನಿಸಿದರೆ ಮುಗಿದ ಮೇಲೆ ತಂಡಕ್ಕೆ ಕೊಡಿ. ವೇಷಭೂಷಣ ಹೆಚ್ಚಿನ ತಂಡಗಳಿಗೆ ಬಾಡಿಗೆಗೆ ಬರುತ್ತದೆ, ಹಿಮ್ಮೇಳದವರಿಗೆ ಸಂಭಾವನೆ ಕೊಡಬೇಕು. ಎಲ್ಲ ಸೇರಿ ಮಕ್ಕಳ ಒಂದು ಆಟಕ್ಕೂ ಖರ್ಚು ಸಣ್ಣದಲ್ಲ.

ಸಮಯದ ಲೆಕ್ಕ ಹೀಗೆ. ಹಿಂದೆ ಆಟ ಅಂದರೆ ರಾತ್ರಿಯಿಡೀ. ಬಯಲಲ್ಲಿ ಕಂಬಳಿ ಹಾಸಿಕೊಂಡು, ಮಕ್ಕಳು ಅಲ್ಲೇ ನಿದ್ದೆ ಮಾಡಿ, ರಾಕ್ಷಸ ಬಂದಾಗ ಎಬ್ಬಿಸಿಕೊಂಡು ನೋಡುತ್ತಿದ್ದೆವು. ಆಗಲೂ ಮಕ್ಕಳಿಗೆ ರಂಗದಲ್ಲಿ ಜಾಗ ಇತ್ತು. ಕಲಿಯುವ ಹುಡುಗರು ಕೋಡಂಗಿಯಾಗಿ, ಬಾಲಗೋಪಾಲರಾಗಿ, ಕಥೆಗೆ ಮೊದಲು ಬರುವ ಪೂರ್ವರಂಗದಲ್ಲಿ ಕುಣಿದೇ ಮೇಲೆ ಬರುತ್ತಿದ್ದರು. ಈಗ ದೊಡ್ಡವರ ಆಟವೂ ಹೆಚ್ಚಾಗಿ ಕಾಲಮಿತಿಯದ್ದು. ಮಕ್ಕಳ ಎರಡು ಪ್ರಸಂಗ, ನಡುವೆ ಸಭಾ ಕಾರ್ಯಕ್ರಮ ಎಲ್ಲ ಸೇರಿ ನಾಲ್ಕು ಗಂಟೆ ಅಂತ ಇಟ್ಟುಕೊಳ್ಳಿ. ಹಿಂದೆ ಮೇಳದಲ್ಲಿ ಎಲ್ಲ ಗಂಡಸರೇ ಇದ್ದರು. ಈಗ ನನ್ನ ತರಗತಿಯಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ನಿಮ್ಮ ಅಣ್ಣನ ಮಗಳು ಅಭಿಮನ್ಯು ಮಾಡುವುದು ನಿಮ್ಮ ಅತ್ತೆಯವರ ಕಣ್ಣಿಗೆ ಹೊಸದಾಗಿ ಕಾಣಬಹುದು.

ದಾರಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ., ದೇವಿಮನೆ ಘಟ್ಟದ ತಿರುವಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಮಧ್ಯಾಹ್ನವೇ ತವರು ಮುಟ್ಟಿ, ಮಗ ಒಂದು ನಿದ್ದೆ ಮಾಡಲಿ. ಕಾರವಾರದ ಸೆಕೆಯಲ್ಲಿ ಹೊರಟವರಿಗೆ ನೆನಪಾಗುವುದಿಲ್ಲ, ಶಿರಸಿಯಲ್ಲಿ ರಾತ್ರಿ ತಂಪಿರುತ್ತದೆ. ಅತ್ತೆಗೊಂದು ಶಾಲು, ಮಗನಿಗೆ ಸ್ವೆಟರ್ ಇರಲಿ. ಆಟ ಮುಗಿಸಿ ಅದೇ ರಾತ್ರಿ ಘಟ್ಟ ಇಳಿಯುವ ಯೋಚನೆ ಬೇಡ, ಅಲ್ಲೇ ಉಳಿಯಿರಿ.

ಮಗಳಿಗೆ ಆಸಕ್ತಿ ಹುಟ್ಟಿದರೆ, ವಾಪಸು ಬಂದ ಮೇಲೆ ಒಂದು ಭಾನುವಾರ ಹೊನ್ನಾವರ ಕಡೆ ಹೋಗಿಬನ್ನಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಇದೆ. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ 1986ರಲ್ಲಿ ಶ್ರೀಮಯ ಕಲಾಕೇಂದ್ರ ಶುರುಮಾಡಿದರು. ಮನೆಯಲ್ಲಿ ಅಪ್ಪನಿಂದ ಮಗ ಕಲಿಯುತ್ತಿದ್ದ ವಿದ್ಯೆಯನ್ನು ಶಾಲೆಯ ಹಾಗೆ ಕ್ರಮವಾಗಿ ಕಲಿಸಬಹುದು ಅಂತ ಅಲ್ಲಿ ಮಾಡಿ ತೋರಿಸಿದರು. ಕುಣಿತ, ಭಾಗವತಿಕೆ, ಚಂಡೆ, ಮದ್ದಳೆ ಯಾವುದರಲ್ಲಿ ಅವಳಿಗೆ ಮನಸ್ಸಿದೆ ಅಂತ ನೋಡಿ. ಎಲ್ಲ ಮಕ್ಕಳೂ ಕುಣಿಯಲೇಬೇಕು ಅಂತಿಲ್ಲ. ತಾಳ ಹಿಡಿದು ಕೂರುವ ಮಗುವೂ ಬೇಕು.

ಆಟ ಮುಗಿದ ಮೇಲೆ ಅಣ್ಣನ ಮಗಳಿಗೆ ಏನು ಹೇಳುತ್ತೀರಿ ಅನ್ನುವುದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ. “ಸೂಪರ್” ಅಂದರೆ ಅವಳಿಗೆ ಖುಷಿಯಾಗುತ್ತದೆ, ಏನೂ ಉಳಿಯುವುದಿಲ್ಲ. “ನೀನು ತಾಯಿಗೆ ಬೆನ್ನು ಹಾಕಿ ಹೊರಡುವಾಗ ಒಂದು ಸಲ ನಿಂತೆಯಲ್ಲ, ಆಗ ನನಗೆ ಅಳು ಬಂತು” ಅಂದರೆ ಅದು ಅವಳಿಗೆ ವರ್ಷಗಟ್ಟಲೆ ನೆನಪಿರುತ್ತದೆ. ತಪ್ಪುಗಳನ್ನು ನೀವು ಹೇಳಬೇಡಿ. ಅದು ಅವಳಿಗೇ ಗೊತ್ತಿರುತ್ತದೆ, ಕಲಿಸುವವರು ಮುಂದಿನ ತರಗತಿಯಲ್ಲಿ ಹೇಳುತ್ತಾರೆ. ಸುಭದ್ರೆ, ಸೈಂಧವ, ಶೂರ್ಪನಖಿ ಮಾಡಿದ ಮಕ್ಕಳಿಗೂ ಒಂದೊಂದು ಮಾತು ಹೇಳಿ ಬನ್ನಿ. ಅವರ ಮನೆಯವರು ಬಂದಿರುತ್ತಾರೋ ಇಲ್ಲವೋ.

ಬರುವಾಗ ಒಂದು ಸಣ್ಣ ಬಾಟಲಿ ಕೊಬ್ಬರಿ ಎಣ್ಣೆ, ಎರಡು ಹಳೇ ಪಂಚೆ ತುಂಡು ತನ್ನಿ. ಬಣ್ಣ ಸೋಪಿಗೆ ಹೋಗುವುದಿಲ್ಲ, ತಿಕ್ಕಿದರೆ ಚರ್ಮ ಉರಿಯುತ್ತದೆ. ಮೊದಲು ಎಣ್ಣೆ ಹಚ್ಚಿ ಎರಡು ನಿಮಿಷ ಬಿಡಬೇಕು, ಆಮೇಲೆ ಕಣ್ಣಿನ ಸುತ್ತ ಬಿಟ್ಟು, ಹಣೆಯಿಂದ ಕೆಳಗೆ ಮೆಲ್ಲಗೆ ಒರೆಸಬೇಕು. ನಿಮ್ಮ ಅತ್ತಿಗೆ ಅಷ್ಟು ಹೊತ್ತಿಗೆ ಸುಸ್ತಾಗಿರುತ್ತಾರೆ. ಆ ಕೆಲಸ ನೀವು ಮಾಡಿ. ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಬಣ್ಣದ ಕೆಳಗಿಂದ ಅಕ್ಕನ ಮುಖ ವಾಪಸು ಬರುವುದನ್ನು ಅವನೂ ನೋಡಲಿ. ಆಮೇಲೆ ಎಲ್ಲರೂ ಊಟಕ್ಕೆ ಕೂರಿ.